ಯಾವ ಹಾಳೆ ಅಂತ ಬರೆಯಲಿಲ್ಲ

"ಪೆನ್ನು ಕೆಳಗಿಡಿ!"

ನಕ್ಷೆ ಕೋಣೆಯಲ್ಲಿ ಅಷ್ಟು ಜೋರು ದನಿ ಯಾವತ್ತೂ ಕೇಳಿರಲಿಲ್ಲ. ಪಕ್ಕದ ಕೋಣೆಯಲ್ಲಿ ಟೈಪಿಸ್ಟ್ ಅಕ್ಕನ ಬೆರಳುಗಳು ಗಕ್ಕನೆ ನಿಂತವು. ಕಿಟಕಿಯ ಪಕ್ಕದ ಉದ್ದ ಮೇಜಿನ ಮುಂದಿದ್ದ ಯುವಕ, ಕದಿಯುವಾಗ ಸಿಕ್ಕಿಬಿದ್ದವನಂತೆ ಎರಡೂ ಕೈ ಮೇಲೆತ್ತಿದ. ಒಂದು ಕೈಯಲ್ಲಿ ಮುಚ್ಚಳ ತೆಗೆದ ಶಾಯಿ ಪೆನ್ನು.

ಎಲ್ಲರಿಗಿಂತ ಹೆಚ್ಚು ಬೆಚ್ಚಿದ್ದು ಮಾತ್ರ ಕೂಗಿದವಳೇ.

'ಅಯ್ಯೋ... ಇದು ನನ್ನ ದನೀನಾ?'

ಪದವಿ ಮುಗಿಸಿ, ಜಿಲ್ಲಾ ದಾಖಲೆ ಕಚೇರಿಯ ಮೇಲಿನ ಮಹಡಿಗೆ ಬಂದು ಅವಳಿಗೆ ಎರಡು ವರ್ಷವಾಗಿತ್ತು. ಜಿಲ್ಲೆಯ ಹಳೆಯ ನಕ್ಷೆಗಳನ್ನೆಲ್ಲ ಜೋಡಿಸುವುದು, ಹರಿದದ್ದನ್ನು ಅಂಟಿಸುವುದು, ಕೇಳಿಕೊಂಡು ಬಂದವರಿಗೆ ತೆಗೆದುಕೊಡುವುದು ಅವಳ ಕೆಲಸ. ನಕ್ಷೆಗಳು ಮಾತಾಡಿಸುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ. ಅವಳಿಗೆ ಅಷ್ಟೇ ಬೇಕಿತ್ತು. ಮಿಕ್ಕ ಮಾತೆಲ್ಲ ಮನೆಗೆ ಹೋದಮೇಲೆ ಡೈರಿಯ ಜೊತೆ.

"ಆ ಹಾಳೆಗೆ ತೊಂಬತ್ತು ವರ್ಷ," ಅವಳು ಈಗ ತೊದಲಿದಳು. "ಇಲ್ಲಿ ಶಾಯಿ ತರೋ ಹಾಗಿಲ್ಲ. ಪೆನ್ಸಿಲ್ ಮಾತ್ರ."

"ನಾನು ಬರೀತಿರಲಿಲ್ಲ ಮೇಡಂ, ತೋರಿಸ್ತಿದ್ದೆ ಅಷ್ಟೇ."

"ತೋರಿಸೋಕೆ ಬೆರಳಿಲ್ವಾ?... ಅಲ್ಲ, ಬೆರಳೂ ಇಡಬೇಡಿ."

"ಹಾಗಾದ್ರೆ ಕಣ್ಣಲ್ಲೇ ತೋರಿಸ್ಲಾ?"

ಅವನು ನಗುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ! ಅವಳ ಕಿವಿ ಕೆಂಪಗಾಯಿತು. ಸೊಂಟಕ್ಕೆ ದಾರ ಕಟ್ಟಿ ನೇತುಹಾಕಿಕೊಂಡಿದ್ದ ಪೆನ್ಸಿಲನ್ನು ಬಿಚ್ಚಿ ಅವನ ಮುಂದಿಟ್ಟು, ತನ್ನ ಮೇಜಿನತ್ತ ಓಡಿದಳು.

ಅವನು ಜಲ ಇಲಾಖೆಯವನು. ಜಿಲ್ಲೆಯಲ್ಲಿ ಕಣ್ಮರೆಯಾದ ಬಾವಿ, ಒರತೆಗಳನ್ನೆಲ್ಲ ಹುಡುಕಿ ಪಟ್ಟಿ ಮಾಡಲು ಅವನಿಗೆ ಮೂರು ತಿಂಗಳು ಕೊಟ್ಟಿದ್ದರು. ಹಳೆಯ ನಕ್ಷೆಯಲ್ಲಿ ಒರತೆ ಎಂದರೆ ಒಂದು ನೀಲಿ ಚುಕ್ಕೆ, ಮನೆ ಎಂದರೆ ಪುಟ್ಟ ಕಪ್ಪು ಚೌಕ.

ಮಾರನೆಯ ದಿನ ಅವನು ಹತ್ತು ಹೊಸ ಪೆನ್ಸಿಲ್ ತಂದು ಅವಳ ಮೇಜಿನ ಮೇಲಿಟ್ಟ. ಹತ್ತಕ್ಕೂ ಮೊನೆ ಮಾಡಿಸಿಯಾಗಿತ್ತು.

"ದಂಡ," ಎಂದ.

---

"ಇವತ್ತು ಬಾವಿ ಸಾಹೇಬ್ರು ಏನಂದ್ರು?" ಮನೆಯಲ್ಲಿ ಅತ್ತಿಗೆ ದಿನಾ ಕೇಳುವ ಪ್ರಶ್ನೆ ಇದೇ ಆಯಿತು.

"ಏನೂ ಅನ್ನಲಿಲ್ಲ ಅತ್ತಿಗೆ."

"ಏನೂ ಅನ್ನದೇ ಇದ್ದಿದ್ದಕ್ಕೆ ನೀನು ಸಾರಿಗೆ ಎರಡು ಸಲ ಉಪ್ಪು ಹಾಕಿದ್ಯಾ? ನಾಳೆ ಏನಾದ್ರೂ ಅಂದುಬಿಟ್ರೆ ನಮ್ಮ ಗತಿ ಏನಮ್ಮಾ!"

"ಅತ್ತಿಗೆ... ಸುಮ್ನಿರಿ!"

ಆದರೆ ಅವನು ಬಹಳ ಮಾತಾಡುತ್ತಿದ್ದ. ಆಶ್ಚರ್ಯವೆಂದರೆ, ಅವಳೂ ಮಾತಾಡುತ್ತಿದ್ದಳು. ನಕ್ಷೆಯ ಬಗ್ಗೆ ಕೇಳಿದರೆ ಅವಳ ನಾಲಿಗೆಗೆ ಸಂಕೋಚವೇ ಇರಲಿಲ್ಲ.

"ನೋಡಿ, ಗೆರೆಗಳು ಒತ್ತೊತ್ತಾಗಿದ್ರೆ ಕಡಿದಾದ ಏರು. ದೂರ ದೂರ ಇದ್ರೆ ಸಲೀಸು. ಅಂಚಿನಲ್ಲಿ ಈ ಅಂಕಿಗಳಿವೆಯಲ್ಲ, ಅಡ್ಡಕ್ಕೆ ಮೂರು, ಮೇಲಕ್ಕೆ ಮೂರು, ಒಟ್ಟು ಆರು ಅಂಕಿ ಬರೆದ್ರೆ ಒಂದು ಮರಾನೂ ಹುಡುಕಬಹುದು."

"ಬರೀ ಆರು ಅಂಕಿ ಸಾಕಾ?"

"ಸಾಲದು!" ಅವಳು ತಕ್ಷಣ ತಲೆಯಾಡಿಸಿದಳು. "ಅಲ್ಲೇ ಎಲ್ಲರೂ ಎಡವೋದು. ಹಳೆ ಹಾಳೆಯವರು ಒಂದು ಕಡೆಯಿಂದ ಎಣಿಸೋಕೆ ಶುರು ಮಾಡಿದ್ರು, ನಲವತ್ತು ವರ್ಷ ಆದ್ಮೇಲೆ ಹೊಸ ಹಾಳೆ ಮಾಡಿದವರು ಇನ್ನೊಂದು ಕಡೆಯಿಂದ. ಅಂಕಿ ಅದೇ ಇರುತ್ತೆ, ಜಾಗ ಬೇರೆ ಆಗುತ್ತೆ. ಅದಕ್ಕೇ ಪಕ್ಕದಲ್ಲಿ ಯಾವ ಹಾಳೆ ಅಂತ ಬರೀಲೇಬೇಕು. ಬರೀದಿದ್ರೆ ಗುಡ್ಡದ ಆ ಕಡೆ ಹೋಗಿ ನಿಂತಿರ್ತೀರಿ."

"ಬರೀತೀನಿ ಮೇಡಂ. ಪೆನ್ಸಿಲ್‌ನಲ್ಲೇ ಬರೀತೀನಿ."

ಅವಳಿಗೆ ನಗು ಬಂತು. ಅವನು ಅದನ್ನು ನೋಡಿದ. ಆ ನಗುವಿಗಾಗಿಯೇ ಅವನು ಆಮೇಲೆ ಎಷ್ಟು ಪೆದ್ದು ಪ್ರಶ್ನೆ ಕೇಳಿದನೋ, ಅವನಿಗೇ ಲೆಕ್ಕವಿಲ್ಲ.

ಒಂದು ಮಧ್ಯಾಹ್ನ ಹಳೆಯ ಹಾಳೆಯ ಮೂಲೆಯಲ್ಲಿ ಒಂದು ಊರು ಸಿಕ್ಕಿತು. ಹನ್ನೊಂದು ಕಪ್ಪು ಚೌಕ, ಮಧ್ಯೆ ಒಂದು ನೀಲಿ ಚುಕ್ಕೆ. ಹೊಸ ಹಾಳೆಯಲ್ಲಿ ಅದೇ ಜಾಗ ಖಾಲಿ. ಬರಿಯ ಗುಡ್ಡ.

ಅವಳು ಪಾರದರ್ಶಕ ಕಾಗದ ತಂದು ಹಳೆಯ ಹಾಳೆಯ ಮೇಲಿಟ್ಟು ಬೆಟ್ಟದ ತುದಿಗಳನ್ನೂ ಹನ್ನೊಂದು ಮನೆಗಳನ್ನೂ ಬಿಡಿಸಿಕೊಂಡಳು. ಕೊನೆಗೆ ನೀಲಿ ಪೆನ್ಸಿಲಿನಿಂದ ಒರತೆ. ಆ ಕಾಗದವನ್ನು ಹೊಸ ಹಾಳೆಯ ಮೇಲೆ ಸರಿಸುತ್ತಾ ಹೋದಳು. ಬೆಟ್ಟದ ಮೇಲೆ ಬೆಟ್ಟ ಕೂತಾಗ, ಖಾಲಿ ಗುಡ್ಡದ ಮೇಲೆ ಊರು ಮತ್ತೆ ಮೂಡಿತು.

"ಹನ್ನೊಂದು ಮನೆಯವರು ಎಲ್ಲಿ ಹೋದ್ರು?" ಅವನು ಪಿಸುಗುಟ್ಟಿದ.

"ಹೋಗಿ ನೋಡಿದ್ರೆ ಗೊತ್ತಾಗುತ್ತೆ..." ಎಂದುಬಿಟ್ಟಳು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಭಾನುವಾರ?"

ಬೇಡ ಎನ್ನಲು ಅವಳಿಗೆ ಒಂದು ಕಾರಣವೂ ಹೊಳೆಯಲಿಲ್ಲ.

---

ಬಸ್ಸಿಳಿದು ಹೊಲದ ಬದುವಿನ ಮೇಲೆ ನಡೆದರು. ಕೈಯಲ್ಲಿ ಹಳೆಯ ಹಾಳೆಯ ನಕಲು ಹಿಡಿದು ಅವಳು ಮುಂದೆ, ಅವನು ಹಿಂದೆ. ಗುಡ್ಡದ ಈ ಬದಿಯಲ್ಲಿ ಒಂದು ತೊರೆ, ಅದಕ್ಕೊಂದು ಹಳೆಯ ಕಲ್ಲುಸೇತುವೆ. ಹೊಸ ಹಾಳೆಯಲ್ಲಿ ಆ ಸೇತುವೆಯೇ ಇಲ್ಲ. ಅದರ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚಿದರು.

"ಈ ಸೇತುವೆ ಇದೆ ಅಂತ ಈಗ ಯಾರಿಗೆ ಗೊತ್ತು?" ಎಂದ ಅವನು.

"ಹಳೆ ಹಾಳೆಗೆ ಗೊತ್ತು... ನಮಗೆ ಗೊತ್ತು."

'ನಮಗೆ' ಎಂದ ಮಾತು ಅವಳ ಎದೆಯೊಳಗೆ ಬಹಳ ಹೊತ್ತು ಓಡಾಡಿಕೊಂಡಿತ್ತು.

ಗುಡ್ಡ ಹತ್ತಿ ಆ ಬದಿಗೆ ಇಳಿದಾಗ ಸಿಕ್ಕಿದ್ದು ಮುಳ್ಳುಪೊದೆ, ಕುಸಿದ ಕೆಮ್ಮಣ್ಣು ಗೋಡೆಗಳ ಗುರುತು, ಕಲ್ಲುರಾಶಿ. ಒರತೆ ಸಿಗಲಿಲ್ಲ. ಕೆಳಗೆ ಡಾಂಬರು ರಸ್ತೆಯ ಪಕ್ಕದ ಹಳ್ಳಿಯಲ್ಲಿ ಒಬ್ಬ ಅಜ್ಜಿ ಅಂಗಳದಲ್ಲಿ ಕಾಳು ಕೇರುತ್ತಿದ್ದಳು. ಅವನು ಅವಳ ಪಕ್ಕದಲ್ಲೇ ನೆಲಕ್ಕೆ ಕೂತು ಕೇಳಿದ.

"ಮೇಲಿನ ಊರಾ? ನಾನು ಹುಟ್ಟಿದ್ದೇ ಅಲ್ಲಿ ಕಣಪ್ಪಾ!"

"ನೀರು ಬತ್ತಿಹೋಯ್ತು ಅಂತ ಬಿಟ್ಟು ಬಂದ್ರಾ ಅಜ್ಜಿ?"

"ನೀರು ಯಾಕೆ ಬತ್ತುತ್ತೆ? ರಸ್ತೆ ಬಂತು. ಒಂದು ಮನೆಯವರು ಇಳಿದ್ರು, ಅವರ ನೋಡಿ ಇನ್ನೊಂದು ಮನೆಯವರು. ನಮ್ಮಪ್ಪ ಕೊನೇಲಿ ಇಳಿದ." ಅಜ್ಜಿ ಮೊರವನ್ನು ತೊಡೆಯ ಮೇಲಿಟ್ಟು ಗುಡ್ಡ ನೋಡಿದಳು. "ನೀರಿಗೆ ಒಂದು ಮಾತು ಹೇಳದೇನೇ ಬಂದುಬಿಟ್ವಿ. ಅದು ಅಲ್ಲೇ ಕಾಯ್ತಾ ಇರುತ್ತೆ, ಪಾಪ." ಆಮೇಲೆ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ನಿಮಗೆ ಮಕ್ಕಳೆಷ್ಟು?" ಎಂದಳು.

ವಾಪಸು ಬರುವ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ಇಬ್ಬರ ಮುಖದಲ್ಲೂ ಒಂದೇ ನಗು.

ಅವತ್ತಿನ ಡೈರಿಯಲ್ಲಿ ಒಂದೇ ಸಾಲು: 'ಹೇಳದೇ ಬಂದರೆ ನೀರು ಕಾಯುತ್ತದಂತೆ.'

---

ಮೂರು ತಿಂಗಳು ಮುಗಿಯುವ ಹೊತ್ತಿಗೆ, ಒಂದು ಶುಕ್ರವಾರ, ಅವನು ಹಿಂದಿರುಗಿಸಿದ ಹಾಳೆಯ ನಡುವೆ ಒಂದು ಚೀಟಿ ಸಿಕ್ಕಿತು. ಪೆನ್ಸಿಲಿನಲ್ಲಿ ಬರೆದದ್ದು.

'417268. ಭಾನುವಾರ ಹತ್ತು ಗಂಟೆ. ಒಂದು ಮಾತು ಕೇಳಬೇಕು. ಬಾರದಿದ್ದರೆ ಅದೇ ನಿಮ್ಮ ಉತ್ತರ ಎಂದುಕೊಳ್ಳುತ್ತೇನೆ. ಮತ್ತೆ ಆ ವಿಷಯ ಎತ್ತಿ ನಿಮಗೆ ಮುಜುಗರ ಮಾಡುವುದಿಲ್ಲ.'

ಅವಳು ಬಾಗಿಲು ಹಾಕಿಕೊಂಡು ಹಳೆಯ ಹಾಳೆ ಬಿಚ್ಚಿ, ಅಡ್ಡಕ್ಕೆ ಮೂರು ಅಂಕಿ, ಮೇಲಕ್ಕೆ ಮೂರು ಅಂಕಿ... ಪೆನ್ಸಿಲಿನ ಮೊನೆ ಸರಿಯಾಗಿ ಕಲ್ಲುಸೇತುವೆಯ ಮೇಲೆ ನಿಂತಿತು.

'ಸೇತುವೆ! ಇನ್ನೆಲ್ಲಿಗೆ ಕರೀತಾರೆ!'

ಭಾನುವಾರ ಒಂಬತ್ತೂವರೆಗೇ ಅವಳು ಅಲ್ಲಿದ್ದಳು. ಅತ್ತಿಗೆಯ ತಿಳಿನೀಲಿ ಸೀರೆ. ಬಾಯಲ್ಲಿ ಇಡೀ ರಾತ್ರಿ ಉರುಹೊಡೆದ ಒಂದೇ ಪದ: 'ಹೂಂ'.

ಹತ್ತಾಯಿತು. ತೊರೆಯಿಂದ ಒಂದು ಬೆಣಚುಕಲ್ಲು ಆರಿಸಿ ಕಟ್ಟೆಯ ಮೇಲಿಟ್ಟಳು. ಕಾಲು ಗಂಟೆಗೊಂದು ಕಲ್ಲು ಇಡೋಣ, ಎರಡನೆಯದು ಇಡುವಷ್ಟರಲ್ಲಿ ಬಂದೇಬಿಡುತ್ತಾರೆ.

ನಾಲ್ಕು ಕಲ್ಲಾದವು. ಎಂಟಾದವು. ಆ ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಹನ್ನೆರಡು... 'ಬಸ್ ಕೆಟ್ಟಿರಬೇಕು.' ಹದಿನೈದು... 'ಜ್ವರ ಬಂದಿರಬೇಕು.' ಹದಿನೆಂಟನೆಯ ಕಲ್ಲು ಇಡುವಾಗ ಅವಳಿಗೆ ಹೊಳೆಯಿತು.

'ಮನಸ್ಸು ಬದಲಾಯಿಸಿರಬೇಕು.'

ಅದೇ ಹೊತ್ತಿಗೆ ಗುಡ್ಡದ ಆ ಬದಿಯಲ್ಲಿ ಒಬ್ಬ ಯುವಕ, ತೊಳೆದಿಟ್ಟ ಎರಡು ಚಪ್ಪಟೆ ಕಲ್ಲುಗಳಲ್ಲಿ ಒಂದರ ಮೇಲೆ ಕೂತು, ಖಾಲಿಯಿದ್ದ ಇನ್ನೊಂದನ್ನು ನೋಡುತ್ತಿದ್ದ. ಅದು ಅವಳಿಗೆ ಹೇಗೆ ಗೊತ್ತಾಗಬೇಕು?

ಸೋಮವಾರ ಅವನು ಲೆಕ್ಕ ಒಪ್ಪಿಸಲು ಬಂದ. ಹಾಳೆಗಳು ಎಲ್ಲ ಸರಿಯಾಗಿದ್ದವು.

"ನಿಮ್ಮ ಸಹಕಾರಕ್ಕೆ ಧನ್ಯವಾದ."

"ಅದು ನಮ್ಮ ಕೆಲಸ."

ಅವನ ಬೂಟಿಗೆ ಕೆಮ್ಮಣ್ಣು ಮೆತ್ತಿ ಒಣಗಿತ್ತು. ಅವಳು ನೋಡಿದಳು. 'ನಿನ್ನೆ ಎಲ್ಲೆಲ್ಲೋ ಸುತ್ತಿದ್ದಾರೆ. ನಾನಿದ್ದಲ್ಲಿಗೆ ಬರೋಕೆ ಮಾತ್ರ ಆಗಲಿಲ್ಲ!' ರಸೀತಿಗೆ ಮೊಹರು ಒತ್ತಿದಳು, ಬೇಕಾದ್ದಕ್ಕಿಂತ ಜೋರಾಗಿ.

ಬಾಗಿಲಲ್ಲಿ ಅವನು ಒಮ್ಮೆ ತಿರುಗಿದ. ಅವಳು ತಲೆ ಎತ್ತಲಿಲ್ಲ. ಅವನು ಮೆಟ್ಟಿಲಿಳಿದು ಹೋದ.

---

ಮೂರು ವಾರಗಳಾದವು. ಸಾರಿಗೆ ಉಪ್ಪೇ ಬೀಳುತ್ತಿರಲಿಲ್ಲ. ಅತ್ತಿಗೆ ಈಗ ಏನೂ ಕೇಳುತ್ತಿರಲಿಲ್ಲ. ತಟ್ಟೆಯ ಪಕ್ಕ ಉಪ್ಪಿನ ಬಟ್ಟಲು ಇಟ್ಟು, ಅವಳ ತಲೆಯ ಮೇಲೊಮ್ಮೆ ಕೈಯಾಡಿಸಿ ಹೋಗುತ್ತಿದ್ದರು.

"ಬಾವಿ ಸಾಹೇಬ್ರು ತಿಂಗಳ ಕೊನೆಗೆ ಬಹಳ ದೂರದ ಕಚೇರಿಗೆ ಹೋಗ್ತಾರಂತೆ," ಒಂದು ದಿನ ಟೈಪಿಸ್ಟ್ ಅಕ್ಕ ಗೋಡೆಗೆ ಹೇಳುವಂತೆ ಹೇಳಿದರು. "ಅವರೇ ಅರ್ಜಿ ಕೊಟ್ಟಿದ್ದಂತೆ. ಇಲ್ಲಿ ಏನು ಕಚ್ಚಿತೋ!"

ಅವಳು ಪೆನ್ಸಿಲ್‌ಗೆ ಮೊನೆ ಮಾಡುತ್ತಲೇ ಇದ್ದಳು. ಮೊನೆ ಮುರಿಯಿತು.

ಆ ಮಧ್ಯಾಹ್ನ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ತಾಯಿಯ ಊರು ಹುಡುಕಿಕೊಂಡು ಬಂದರು. ಯಾರೋ ಬರೆದುಕೊಟ್ಟ ಆರು ಅಂಕಿಯ ಚೀಟಿ ಮುಂದಿಟ್ಟರು. ಅವಳು ಎಂದಿನ ಮಾತನ್ನೇ ಎಂದಿನಂತೆ ಹೇಳಿದಳು.

"ಇದು ಸಾಲದು ಸರ್. ಯಾವ ಹಾಳೆ ಅಂತ ಬರೆದಿಲ್ಲ. ಅಂಕಿ ಅದೇ ಇರುತ್ತೆ, ಜಾಗ ಬೇರೆ ಆಗುತ್ತೆ. ಗುಡ್ಡದ ಆ ಕಡೆ ಹೋಗಿ ನಿಂತಿರ್ತೀ..."

ಮಾತು ಅಲ್ಲೇ ನಿಂತಿತು.

"ಏನಮ್ಮಾ? ಏನಾಯ್ತು?"

"ಒಂದು ನಿಮಿಷ ಸರ್..."

ಚೀಲದಲ್ಲಿದ್ದ ಡೈರಿಯೊಳಗಿಂದ ಅವನ ಚೀಟಿ ತೆಗೆದಳು. 417268. ಪಕ್ಕದಲ್ಲಿ ಏನೂ ಇಲ್ಲ. ಜಿಲ್ಲೆಗೆಲ್ಲ ಪಾಠ ಹೇಳುವವಳು ಆ ಒಂದು ಚೀಟಿಯನ್ನು ಮಾತ್ರ ಪರೀಕ್ಷಿಸಿರಲಿಲ್ಲ. ಹಳೆಯ ಹಾಳೆಯಲ್ಲಿ ಆ ಅಂಕಿ ಸೇತುವೆಯ ಮೇಲೇ ಹೋಗಿ ಕೂರಬೇಕೇ! ಮನಸ್ಸಿಗೆ ಬೇಕಾದದ್ದು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದಳು.

ಹೊಸ ಹಾಳೆ ಬಿಚ್ಚಿದಳು. ಅಡ್ಡಕ್ಕೆ ಮೂರು. ಮೇಲಕ್ಕೆ ಮೂರು. ಪೆನ್ಸಿಲ್ ಖಾಲಿ ಗುಡ್ಡದ ಮೇಲೆ ನಿಂತಿತು. ಅಲ್ಲಿ ಏನೂ ಇಲ್ಲ...

ಖಾನೆಯಿಂದ ಆ ಪಾರದರ್ಶಕ ಕಾಗದ ತೆಗೆದು ಮೇಲೆ ಹಾಸಿದಳು. ಬೆಟ್ಟದ ಮೇಲೆ ಬೆಟ್ಟ ಕೂತಿತು. ಪೆನ್ಸಿಲಿನ ಮೊನೆಯ ಕೆಳಗೆ, ಒಂದು ಕೂದಲೆಳೆಯೂ ಆಚೀಚೆಯಾಗದೆ, ನೀಲಿ ಚುಕ್ಕೆ ಇತ್ತು.

ಒರತೆ!

'ಅವರಿಗೆ ಸಿಕ್ಕಿತ್ತು. ನನಗೆ ತೋರಿಸೋಕೆ ಕರೆದಿದ್ರು. ಬೂಟಿನ ಕೆಮ್ಮಣ್ಣು... ಅಯ್ಯೋ, ಅದು ಅಲ್ಲಿಯದೇ!'

"ಮೇಡಂ," ಟೈಪಿಸ್ಟ್ ಅಕ್ಕ ಬಾಗಿಲಲ್ಲಿ ನಿಂತಿದ್ದರು. "ಹಾಳೆ ಮೇಲೆ ನೀರು ಬೀಳಬಾರದು ಅಂತ ನೀವೇ ಬೋರ್ಡ್ ಹಾಕಿದ್ದೀರಿ."

ಅವಳು ಗಡಬಡಿಸಿ ಹಿಂದೆ ಸರಿದು ಕಣ್ಣೊರೆಸಿಕೊಂಡಳು. ಮೇಷ್ಟ್ರು ಏನೂ ಅರ್ಥವಾಗದಿದ್ದರೂ ತಮ್ಮ ಕರವಸ್ತ್ರ ಕೊಟ್ಟರು.

ಆ ದಿನ ಸಂಜೆ ಏಳು ಸಲ ಅವನ ನಂಬರ್ ಒತ್ತಿದಳು. ಏಳು ಸಲವೂ ರಿಂಗಾಗುವ ಮುಂಚೆ ಕತ್ತರಿಸಿದಳು.

"ನೀನು ಬಾಯಿ ಬಿಡೋ ಹೊತ್ತಿಗೆ ಆ ಹುಡುಗನ ತಲೆ ನರೆತಿರುತ್ತೆ ಕಣೇ," ಎಂದರು ಅತ್ತಿಗೆ, ಚೀಟಿ ಓದಿ ಮುಗಿಸಿ. ಈ ಸಲ ತಮಾಷೆ ಇರಲಿಲ್ಲ. "ಮತ್ತೆ ಎತ್ತಲ್ಲ ಅಂತ ಮಾತು ಕೊಟ್ಟಿದ್ದಾನೆ. ಎತ್ತಬೇಕಾದವಳು ನೀನೇ."

"ಮಾತು ಬರಲ್ಲ ಅತ್ತಿಗೆ..."

"ಬರೋ ಭಾಷೇಲಿ ಹೇಳು."

ಮರುದಿನ ಬೆಳಿಗ್ಗೆ ಅವಳು ಟೈಪಿಸ್ಟ್ ಅಕ್ಕನ ಮುಂದೆ ಹೋಗಿ ನಿಂತಳು. ಮುಖ ಕಿಟಕಿಯ ಕಡೆ.

"ಅಕ್ಕಾ, ಒಂದು ತಿದ್ದುಪಡಿ ಪತ್ರ ಹೊಡೀಬೇಕು."

"ವಿಷಯ ಏನಂತ ಹಾಕ್ಲಿ?"

"ವಿಷಯ... ಒರತೆ."

ಅಕ್ಕನ ಬೆರಳುಗಳು ಒಂದು ಕ್ಷಣ ತಡೆದು, ಆಮೇಲೆ ಬಹಳ ಮೆಲ್ಲಗೆ ಓಡತೊಡಗಿದವು.

'ತಮ್ಮ ಚೀಟಿಯಲ್ಲಿ ಯಾವ ಹಾಳೆ ಎಂದು ನಮೂದಿಸಿರಲಿಲ್ಲ. ಪರಿಶೀಲಿಸಬೇಕಿದ್ದ ಸಿಬ್ಬಂದಿಯೂ ಪರಿಶೀಲಿಸಲಿಲ್ಲ. ಸದರಿ ಸಿಬ್ಬಂದಿ ಹಳೆಯ ಹಾಳೆಯ ಪ್ರಕಾರ ಕಲ್ಲುಸೇತುವೆಗೆ ಹೋಗಿ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡೂವರೆವರೆಗೆ ಕಾದಿದ್ದರು. ತಪ್ಪು ಇಬ್ಬರದೂ ಆದ್ದರಿಂದ ಮತ್ತೊಮ್ಮೆ ಸ್ಥಳ ಪರಿಶೀಲನೆ ಅಗತ್ಯ. 417268. ಹೊಸ ಹಾಳೆ. ಭಾನುವಾರ ಹತ್ತು ಗಂಟೆ.'

"ಪ್ರತಿ ಎಷ್ಟು ಮೇಡಂ?"

"ಒಂದೇ."

"ಒಂದೇ ಸಾಕು ಬಿಡಿ," ಅಕ್ಕ ಮೂಗೆಳೆದುಕೊಂಡರು. "ಅಂಚೆಗೆ ಬೇಡ. ಇಲಾಖೆ ಜೀಪಿನವನ ಕೈಲಿ ನಾನೇ ಕಳಿಸ್ತೀನಿ."

---

ಭಾನುವಾರ. ಗುಡ್ಡದ ಮೇಲೆ ಎಳೆಬಿಸಿಲು.

ಮುಳ್ಳುಪೊದೆ ಸವರಿದ ಹಾದಿ ಹಿಡಿದು ನಡೆದವಳು ತಟ್ಟನೆ ನಿಂತಳು. ಕಲ್ಲುರಾಶಿ ಇದ್ದ ಜಾಗದಲ್ಲಿ ಈಗ ಕಲ್ಲುಗಳ ಅಚ್ಚುಕಟ್ಟಾದ ಒಂದು ಸುತ್ತು. ಅದರೊಳಗೆ ತಟ್ಟೆಯಗಲದ ತಿಳಿನೀರು. ತಳದ ಮರಳನ್ನು ಮೆಲ್ಲಗೆ ಎಬ್ಬಿಸುತ್ತಾ ನೀರು ಉಕ್ಕುತ್ತಿತ್ತು. ಪಕ್ಕದಲ್ಲಿ ಎರಡು ಚಪ್ಪಟೆ ಕಲ್ಲು.

ಅವಳು ಬಗ್ಗಿ ಬೊಗಸೆ ಅದ್ದಿದಳು. ತಣ್ಣಗಿತ್ತು.

ಹತ್ತಾಯಿತು. ಯಾರೂ ಇಲ್ಲ. ಹತ್ತೂಕಾಲು...

'ಇಷ್ಟೇ ಹೊತ್ತು ಅವರೂ ಇಲ್ಲಿ ಕೂತು...' ಅವಳು ಸೆರಗಿನ ತುದಿ ಬಿಗಿಯಾಗಿ ಹಿಡಿದಳು. ಏನೇ ಆಗಲಿ, ಇವತ್ತು ಎದ್ದು ಹೋಗುವವಳಲ್ಲ.

ಗುಡ್ಡದ ನೆತ್ತಿಯ ಮೇಲೆ ಒಂದು ಆಕೃತಿ ಕಾಣಿಸಿತು. ರಸ್ತೆಯ ಕಡೆಯಿಂದಲ್ಲ, ಸೇತುವೆಯ ಕಡೆಯಿಂದ! ಅರ್ಧ ಓಡುತ್ತಾ ಅರ್ಧ ಜಾರುತ್ತಾ ಇಳಿದು ಬಂದು ಏದುಸಿರು ಬಿಡುತ್ತಾ ಅವಳ ಮುಂದೆ ನಿಂತ.

"ಹೊಸ ಹಾಳೆ ಅಂತ ಸ್ಪಷ್ಟವಾಗಿ ಬರೆದಿತ್ತು," ಎಂದಳು ಅವಳು. "ಆದ್ರೂ ಆ ಕಡೆ ಹೋಗಿದ್ರಾ?"

"ನೀವು ಕಾದ ಜಾಗ ನೋಡದೆ ಇಲ್ಲಿಗೆ ಬರೋಕೆ ಮನಸ್ಸಾಗಲಿಲ್ಲ."

ಅವನು ಕರವಸ್ತ್ರದ ಗಂಟು ಬಿಚ್ಚಿದ. ಒಳಗೆ ಬೆಣಚುಕಲ್ಲುಗಳು.

"ಕಟ್ಟೆ ಮೇಲೆ ಸಾಲಾಗಿ ಇದ್ವು. ಹದಿನೆಂಟು. ಮೊದಲು ಏನಂತ ಗೊತ್ತಾಗಲಿಲ್ಲ. ಹತ್ತರಿಂದ ಎರಡೂವರೆ ಅಂತ ಬರೆದಿದ್ರಲ್ಲ... ಕಾಲು ಗಂಟೆಗೊಂದು, ಅಲ್ವಾ?"

ಅವಳು ತಲೆಯಾಡಿಸಿದಳು. ಇಬ್ಬರೂ ಮಂಡಿಯೂರಿ, ಒಂದೊಂದೇ ಬೆಣಚುಕಲ್ಲನ್ನು ನೀರಿನ ಸುತ್ತ ಇಡುತ್ತಾ ಹೋದರು. ಹದಿನೆಂಟೂ ಮುಗಿದವು.

"ನಾನು ನಾಲ್ಕು ಗಂಟೆವರೆಗೆ ಕೂತಿದ್ದೆ," ಎಂದ ಅವನು. "ನೀವು ಬರಲಿಲ್ಲ. ಸೋಮವಾರ ತಲೆ ಎತ್ತಿ ನೋಡಲೂ ಇಲ್ಲ. ಮತ್ತೆ ಕೇಳಬಾರದು ಅಂತ ನಾನೇ ಬರೆದಿದ್ನಲ್ಲ... ಎಂಥಾ ದಡ್ಡ!"

"ದೂರದ ಕಚೇರಿಗೆ ಹೋಗ್ತೀರಂತೆ?"

"ನಿಮ್ಮ ತಿದ್ದುಪಡಿ ಪತ್ರ ಬಂದ ದಿನವೇ ಅರ್ಜಿ ವಾಪಸ್ ತಗೊಂಡೆ. ಕಾರಣ ಏನು ಅಂತ ಕೇಳಿದ್ರು. ಸ್ಥಳ ಪರಿಶೀಲನೆ ಬಾಕಿ ಇದೆ ಅಂದೆ."

ಅವಳು ನಕ್ಕಳು. ಕಣ್ಣು ತುಂಬಿಕೊಂಡೇ ನಕ್ಕಳು.

"ಅವತ್ತು ಒಂದು ಮಾತು ಕೇಳಬೇಕು ಅಂದಿದ್ರಿ," ಎಂದಳು ನೀರನ್ನು ನೋಡುತ್ತಾ.

ಅವನು ಒಂದು ದೀರ್ಘ ಉಸಿರೆಳೆದುಕೊಂಡ. "ಒಬ್ಬೊಬ್ಬರೇ ಹುಡುಕಿದ್ರೆ ದಾರಿ ತಪ್ತೀವಿ ಅಂತ ಗೊತ್ತಾಯ್ತು. ಇನ್ನು ಮುಂದೆ... ಜೊತೆಗೇ ನಡೆಯೋಣ್ವಾ? ಜೀವನಪೂರ್ತಿ?"

ಅವಳು ಚೀಲದಿಂದ ಆ ಹಳೆಯ ಚೀಟಿ ತೆಗೆದು ಚಪ್ಪಟೆ ಕಲ್ಲಿನ ಮೇಲೆ ಹರಡಿ, ಅವನತ್ತ ಕೈಚಾಚಿದಳು.

"ಪೆನ್ನು ಕೊಡಿ."

"ಪೆನ್ನಾ?... ನೀವಾ? ಪೆನ್ಸಿಲ್ ಇದೆಯಲ್ಲ!"

"ಪೆನ್ಸಿಲ್ ಅಳಿಸಿಹೋಗುತ್ತೆ."

ಅವನು ಜೇಬಿನಿಂದ ಆ ಶಾಯಿ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಕೊಟ್ಟ. ಅವನ ಪೆನ್ಸಿಲಿನ ಸಾಲುಗಳ ಕೆಳಗೆ ಅವಳು ದುಂಡಗೆ ಬರೆದಳು: 'ಹೂಂ.' ಶಾಯಿ ಆರುವವರೆಗೆ ಮೆಲ್ಲಗೆ ಊದಿದಳು.

ಅವನು ಆ ಒಂದೇ ಪದವನ್ನು ಬಹಳ ಹೊತ್ತು ಓದಿದ.

"ಮೇಡಂ, ಯಾವ ಹಾಳೆ ಅಂತ ಬರೀಲೇ ಇಲ್ವಲ್ಲ?"

ಅವಳು ಈಗ ತಲೆ ಎತ್ತಿ ನೇರವಾಗಿ ಅವನನ್ನು ನೋಡಿದಳು.

"ಇದು ಎಲ್ಲಾ ಹಾಳೆಲೂ ಒಂದೇ."